ಬಸುರಿ ತಾಯಿಯ ನಡುಪಟ್ಟಿ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅಪೇಕ್ಷಾ ಲೋಬೋ ಕಿರುಚಿದ್ದು ಬ್ರೆನ್ನನ್ ಹೌಸ್ ಮ್ಯೂಸಿಯಂನ ಮೂರೂ ಕೋಣೆಗಳಿಗೆ ಕೇಳಿಸಿತು.

ಸೀತಾಬಾಯಿ ಆಗಷ್ಟೇ ಬಂದು ಕೋಟು ಬಿಚ್ಚುತ್ತಿದ್ದರು. ಒಂದು ತೋಳು ಕೋಟಿನಲ್ಲೇ ಸಿಕ್ಕಿಕೊಂಡಿದ್ದಂತೆಯೇ ಓಡಿದರು.

ನಡುಕೋಣೆಯಲ್ಲಿ ಬಸುರಿ ತಾಯಿ ಎಂದಿನಂತೆ ನಿಂತಿದ್ದಳು. ಮರದ ಮರಿಯಮ್ಮ. ಎದೆಯೆತ್ತರದ ವಿಗ್ರಹ. ನಾನೂರು ವರ್ಷ ಹಿಂದೆ ಸ್ಪೇನಿನಲ್ಲಿ ಯಾರೋ ಕೆತ್ತಿದ್ದು. ಹಡಗಿನಲ್ಲಿ ಮೆಕ್ಸಿಕೋಗೆ ಬಂದು, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಟೆಕ್ಸಸ್ ಸೇರಿದವಳು. ಒಂದು ಕೈ ತುಂಬಿದ ಹೊಟ್ಟೆಯ ಮೇಲೆ. ಕಣ್ಣು ಅರ್ಧ ಮುಚ್ಚಿದೆ, ಒಳಗಿನ ಸದ್ದು ಕೇಳಿಸಿಕೊಳ್ಳುತ್ತಿರುವಂತೆ.

ಹೊಟ್ಟೆಯ ಮೇಲೆ ಕಟ್ಟಿದ್ದ ನೀಲಿ ರೇಷ್ಮೆಯ ನಡುಪಟ್ಟಿ ಮಾತ್ರ ಇರಲಿಲ್ಲ.

ಅದರ ಜಾಗದಲ್ಲಿ ಒಂದು ಹಳದಿ ದಾರ.

"ಆಂಟಿ, ನಾನು ನಿನ್ನೆ ಸಂಜೆ ನೋಡಲಿಲ್ಲ," ಎಂದಳು ಅಪೇಕ್ಷಾ. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. "ಕ್ಲಾಸಿಗೆ ಲೇಟಾಗಿತ್ತು. ನೋಡದೆ ತಪಾಸಣೆ ಪುಸ್ತಕದಲ್ಲಿ ಸಹಿ ಹಾಕಿ ಓಡಿದೆ. ಎಲ್ಲಾ ಸರಿಯುಂಟು ಅಂತ ಸಹಿ!"

"ಮೊದಲ ಕೂಡು ತಂಗಿ. ಉಸಿರು ಬಿಡು."

ಅಪೇಕ್ಷಾ ಮಂಗಳೂರಿನ ಹುಡುಗಿ. ಹಳೆಯ ಬಟ್ಟೆಗಳನ್ನು ಕಾಪಾಡುವ ವಿದ್ಯೆ ಕಲಿಯಲು ಹ್ಯೂಸ್ಟನ್ನಿಗೆ ಬಂದವಳು. ಆರು ತಿಂಗಳಿಂದ ಇಲ್ಲೇ ತರಬೇತಿ. ಸೀತಾಬಾಯಿ ಧಾರವಾಡದವರು. ಮೂವತ್ತನಾಲ್ಕು ವರ್ಷ ಇದೇ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಈಗ ಬುಧವಾರ, ಗುರುವಾರ ಇಲ್ಲಿಗೆ ಬಂದು ನೋಡುಗರಿಗೆ ಕಥೆ ಹೇಳುತ್ತಾರೆ. ಸಂಬಳ ಇಲ್ಲ. ಹೇಳದಿದ್ದರೆ ಮಾತ್ರ ಊಟ ರುಚಿಸುವುದಿಲ್ಲ.

ಆಗ ಮುಖ್ಯಸ್ಥೆ ಮಾರ್ಗರೆಟ್ ಹೇಲ್ ಬಂದಳು. ವಿಗ್ರಹ ನೋಡಿದಳು. ದಾರ ನೋಡಿದಳು. ಅಪೇಕ್ಷಾಳನ್ನು ನೋಡಿದಳು. ಆ ಮೂರನೆಯ ನೋಟ ಸೀತಾಬಾಯಿಗೆ ಹಿಡಿಸಲಿಲ್ಲ.

"ಕಳೆದ ತಿಂಗಳು ನೀನೇ ನನಗೆ ಬರೆದಿದ್ದೆ," ಎಂದಳು ಮಾರ್ಗರೆಟ್ ತಣ್ಣಗಿನ ಇಂಗ್ಲಿಷಿನಲ್ಲಿ. "ಈ ಪಟ್ಟಿಯನ್ನು ಗಾಜಿನೊಳಗೆ ಇಡಬೇಕು, ಇಲ್ಲದಿದ್ದರೆ ಯಾರು ಬಿಚ್ಚಿಕೊಂಡು ಹೋದರೂ ಗೊತ್ತಾಗುವುದಿಲ್ಲ ಎಂದು."

"ಹೌದು. ಆದರೆ..."

"ಬಣ್ಣ ಹಾಕಿದ ದಾರ ಇರುವುದು ನಿನ್ನ ಕೋಣೆಯಲ್ಲಿ. ಸಂಜೆ ಸಹಿ ಹಾಕಿದವಳೂ ನೀನೇ."

ಅಪೇಕ್ಷಾ ಬಾಯಿ ತೆರೆದಳು. ಮಾರ್ಗರೆಟ್ ಕೈ ಎತ್ತಿ ತಡೆದಳು.

"ಸಂಜೆ ಐದರವರೆಗೆ ಕಾಯುತ್ತೇನೆ. ಆಮೇಲೆ ಪೊಲೀಸರಿಗೆ, ನಿನ್ನ ವಿಶ್ವವಿದ್ಯಾಲಯಕ್ಕೆ, ಎರಡೂ ಕಡೆ ಫೋನ್ ಮಾಡಲೇಬೇಕು. ನನಗೂ ಬೇರೆ ದಾರಿ ಇಲ್ಲ."

ವಿಶ್ವವಿದ್ಯಾಲಯಕ್ಕೆ ಫೋನ್ ಹೋದರೆ ತರಬೇತಿ ಮುಗಿದಂತೆ. ತರಬೇತಿ ಮುಗಿದರೆ ವೀಸಾವೂ ಹೋದಂತೆ. ಮಂಗಳೂರಿನಲ್ಲಿ ಅಪ್ಪ ಅಮ್ಮನಿಗೆ ಏನೆಂದು ಹೇಳುವುದು? ಕನ್ಯಾಮರಿಯಳ ಪಟ್ಟಿ ಕದ್ದವಳು ಎಂದೇ?

* * *

ಸೀತಾಬಾಯಿ ವಿಗ್ರಹದ ಸುತ್ತ ಒಂದು ಸುತ್ತು ಬಂದರು. ದೇವರ ಗುಡಿಯಲ್ಲಿ ಬರುವಂತೆ, ಬಲಕ್ಕೆ.

ಕಾವಲುಗಾರ ಹೆಕ್ಟರ್ ಬಾಗಿಲಲ್ಲಿ ನಿಂತಿದ್ದ. ಅವನ ಬೀಗದ ಗೊಂಚಲಲ್ಲಿ ಗ್ವಾಡಲೂಪೆಯ ತಾಯಿಯ, ಮೆಕ್ಸಿಕೋದವರ ಮರಿಯಮ್ಮನ, ಪುಟ್ಟ ಚಿತ್ರ. ಆ ತಾಯಿಯ ಹೊಟ್ಟೆಯ ಮೇಲೂ ಕಪ್ಪು ಪಟ್ಟಿ ಇದೆ, ಬಸುರಿ ಎಂಬುದಕ್ಕೆ ಗುರುತು.

"ಒಳಗೆ ಕ್ಯಾಮೆರಾ ಇಲ್ಲ ಸೀನ್ಯೋರಾ. ಹೊರಬಾಗಿಲಲ್ಲಿ ಮಾತ್ರ," ಎಂದ. "ರಾತ್ರಿ ಯಾರೂ ಬಂದಿಲ್ಲ. ಬೀಗ ಮುರಿದಿಲ್ಲ."

"ಹಂಗಾದ್ರ ಹಗಲೇ ಹೋಗೇತಿ," ಎಂದು ಸೀತಾಬಾಯಿ ತಮ್ಮಷ್ಟಕ್ಕೆ ಅಂದುಕೊಂಡರು.

ಬಗ್ಗಿ ದಾರ ನೋಡಿದರು. ಬಿಳಿ ನೂಲಿನ ಹಲವು ಎಳೆ ಸೇರಿಸಿ ಹೊಸೆದದ್ದು. ಮುಂದೆ ಗಂಟು. ಒಂದಲ್ಲ, ಮೂರು, ಒಂದರ ಮೇಲೊಂದು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರು. ಬೆರಳು ಹಳದಿಯಾಯಿತು.

"ಬಾ ತಂಗಿ, ಕೈ ತೊಳಿಯೂಣು."

ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಸೋಪು ಹಚ್ಚಿದರು. ಹಳದಿ ಬೆರಳು ನೋಡನೋಡುತ್ತಿದ್ದಂತೆ ಕೆಂಪಾಯಿತು.

ಅಪೇಕ್ಷಾ ಕಣ್ಣರಳಿಸಿದಳು. "ಅರಿಶಿನ!"

"ಆರತಿ ತಟ್ಯಾಗ ಅರಿಶಿನಕ್ಕ ಸುಣ್ಣ ಬಿದ್ರ ಏನಾಗತೈತಿ? ಸೋಪು ಬಿದ್ರೂ ಅದೇ. ಈಗ ಹೇಳು, ನಿನ್ನ ಕ್ವಾಣ್ಯಾಗ ಅರಿಶಿನ ಐತೇನು?"

"ಇಲ್ಲವೇ ಇಲ್ಲ ಆಂಟಿ! ಅರಿಶಿನ ಬಣ್ಣ ಬಿಡ್ತದೆ, ಬೆಳಕಿಗೆ ಮಾಸಿ ಹೋಗ್ತದೆ. ಹಳೇ ಬಟ್ಟೆ ಹತ್ತಿರ ಅದನ್ನು ತಂದವರನ್ನು ನಮ್ಮ ಟೀಚರು ಕಿಟಕಿಯಿಂದ ಹೊರಗೆ ಬಿಸಾಡಿಯಾರು."

"ಅಂದ್ರ ಕಟ್ಟಿದವರು ನೀ ಅಲ್ಲ. ಮಾರ್ಗರೆಟ್ಟೂ ಅಲ್ಲ. ಹೆಕ್ಟರನೂ ಅಲ್ಲ." ಸೀತಾಬಾಯಿ ಕೈ ಒರೆಸಿಕೊಂಡರು. "ಅರಿಶಿನದ ದಾರಾ ಚೀಲದಾಗ ಇಟಗೊಂಡು ಬರೋ ಮಂದಿ ನಿನ್ನೆ ಬಂದಿದ್ರು. ಹದಿನೆಂಟು ಮಂದಿ. ನಾನೇ ಕರದಿದ್ದೆ."

ಹೌದು. ಬುಧವಾರ ಮಧ್ಯಾಹ್ನ ಪಕ್ಕದ ಸ್ಟಾಫರ್ಡಿನ ಕನ್ನಡ ಮಹಿಳೆಯರ ಗುಂಪು ಪ್ರದರ್ಶನ ನೋಡಲು ಬಂದಿತ್ತು. ಸೀತಾಬಾಯಿ ಮನಸಾರೆ ಕಥೆ ಹೇಳಿದ್ದರು. ರೋಮಿನ ನೆಲದಡಿಯ ಸಮಾಧಿಗಳಲ್ಲಿ, ಮರೆಯಾಗಿ ಬದುಕುತ್ತಿದ್ದ ಭಕ್ತರು ಗೋಡೆಯ ಮೇಲೆ ಬರೆದ ತಾಯಿ-ಮಗು. ಆಮೇಲೆ ಕ್ರೈಸ್ತ ಧರ್ಮದ ಹಿರಿಯರೆಲ್ಲ ಒಂದೆಡೆ ಸೇರಿ, ಇವಳನ್ನು ದೇವಮಾತೆ ಎಂದು ಕರೆಯಬಹುದು ಎಂದು ತೀರ್ಮಾನಿಸಿದ್ದು. ಮೊಲೆಯೂಡಿಸುವ ತಾಯಿಯ ಚಿತ್ರಗಳು ಬಂದದ್ದು. ಮುಂದೆ ಯಾರಿಗೋ ನಾಚಿಕೆಯಾಗಿ ಎದೆಯ ಮೇಲೆ ಸೆರಗು ಬರೆಸಿದ್ದು. "ನಾಚಿಕಿ ನೋಡಿದವರದು, ತಾಯಿದಲ್ಲ," ಎಂದಾಗ ಹೆಂಗಸರೆಲ್ಲ ನಕ್ಕಿದ್ದರು.

ಕೊನೆಗೆ ಈ ನಡುಪಟ್ಟಿಯ ಕಥೆ. ಹಿಂದಿನ ಕಾಲದಲ್ಲಿ ಯಾವಳಿಗಾದರೂ ಹೆರಿಗೆ ಕಷ್ಟವಾದರೆ ಮಠದ ಸನ್ಯಾಸಿನಿಯರು ಇದನ್ನು ಬಿಚ್ಚಿ ಕಳಿಸುತ್ತಿದ್ದರು. ಬಸುರಿಗೆ ಕಟ್ಟುತ್ತಿದ್ದರು. ದೂರದ ಇಂಗ್ಲೆಂಡಿನಲ್ಲಿ ರಾಣಿಯರೂ ಇಂಥ ಪಟ್ಟಿ ತರಿಸಿಕೊಂಡವರೇ.

ಆಗ ಹಿಂದಿನಿಂದ ಯಾರೋ ಕೇಳಿದ್ದರು: "ಆಮೇಲೆ ವಾಪಸ್ ತಂದ್ಕೊಡ್ತಿದ್ರಾ?"

ಸೀತಾಬಾಯಿ ಗಡಿಯಾರ ನೋಡುತ್ತಿದ್ದವರು ತಲೆ ಎತ್ತದೆಯೇ ಉತ್ತರಿಸಿದ್ದರು. "ಹೂಂ ಮತ್ತ. ಹಡೆದ ಮ್ಯಾಲೆ ಎರಡು ಮೇಣದಬತ್ತಿ ಕೂಡ."

ಯಾರು ಕೇಳಿದ್ದು? ಮುಖ ನೋಡಿರಲಿಲ್ಲ.

* * *

ಹೆಕ್ಟರ್‌ಗೆ ಬೇರೆ ಅನುಮಾನ.

"ಆ ಕ್ಯಾಮೆರಾ ಮುದುಕ," ಎಂದ. "ನಿನ್ನೆ ಹೆಂಗಸರ ವ್ಯಾನ್ ಹಿಂದೆ ತನ್ನ ಕಾರಲ್ಲಿ ಬಂದಿದ್ದನಲ್ಲ. ಹಿಂದಿನ ಸೀಟಲ್ಲಿ ಉದ್ದನೆ ರಟ್ಟಿನ ಡಬ್ಬಿ. ನಾನು ಹತ್ತಿರ ಹೋದರೆ ಬಟ್ಟೆ ಮುಚ್ಚಿದ. ಈ ವಿಗ್ರಹ ಮಾರುತ್ತೀರಾ ಎಂದು ಹೋದ ವಾರ ಕೇಳಿದವನೂ ಅವನೇ."

ಮೋಹನರಾಜ! ಮೈಸೂರಿನವರು, ನಿವೃತ್ತ ಎಂಜಿನಿಯರ್, ಮನೆ ತುಂಬ ಹಳೆಯ ಸಾಮಾನು. ನಿನ್ನೆ ಸಂಜೆಯೇ ಡಲ್ಲಾಸ್‌ಗೆ ಮಗಳ ಮನೆಗೆ ಹೋಗಿದ್ದರು.

ಸೀತಾಬಾಯಿ ವಿಡಿಯೋ ಕರೆ ಮಾಡಿದರು.

"ಏನ್ರೀ ಸೀತಾಬಾಯಿ, ಬೆಳಿಗ್ಗೇನೇ ದರ್ಶನ!"

"ಕಾರಿನ್ಯಾಗ ಏನು ಮುಚ್ಚಿಟ್ಟಿದ್ರಿ ನಿನ್ನೆ?"

ಮೋಹನರಾಜರ ನಗು ನಿಂತಿತು. "ಯಾರು ಹೇಳಿದ್ದು? ಆ ಸೆಕ್ಯೂರಿಟೀನಾ? ಅವನೇನು ಕಸ್ಟಮ್ಸ್ ಆಫೀಸರಾ?"

"ತೋರಸ್ರಿ ಮೊದಲ."

ಫೋನು ಅಲ್ಲಾಡಿತು. ಅಡುಗೆಮನೆ, ಕಿಟಕಿ, ಬಿಸಿಲು. ಬಿಸಿಲಿನಲ್ಲಿ ಮೊಣಕಾಲೆತ್ತರದ ಕರಿಬೇವಿನ ಗಿಡ.

"ಚಳಿಗೆ ಸತ್ತು ಹೋಗುತ್ತೆ ಅಂತ ಬಟ್ಟೆ ಮುಚ್ಚಿದ್ದೆ. ಮಗಳಿಗೆ ಮೂರನೇ ಗಿಡ ಇದು. ಎರಡನ್ನು ಕೊಂದವ್ಳೆ."

ಅಪೇಕ್ಷಾಳ ಮುಖ ಬಾಡಿತು. ಸೀತಾಬಾಯಿ ಬಿಡಲಿಲ್ಲ.

"ಮತ್ತ ಯಾಕ ಹೆದರಿದ್ರಿ?"

ಅವರು ಕೆಮ್ಮಿದರು. "ಅದು... ಒಳಗೆ ಫೋಟೋ ತೆಗೀಬಾರ್ದು ಅಂತ ಬೋರ್ಡ್ ಇತ್ತಲ್ಲ. ಎರಡು ಮೂರು ತೆಗೆದ್ಬಿಟ್ಟೆ. ಮುಖ್ಯಸ್ಥೆಗೆ ಹೇಳ್ಬೇಡಿ, ಮುಂದಿನ ಸಲ ಒಳಗೇ ಬಿಡಲ್ಲ ಆಯಮ್ಮ."

"ರಾಜಣ್ಣ, ನಿಮ್ಮ ತಪ್ಪಿಗೆ ದೇವರು ಒಳ್ಳೇದು ಮಾಡಲಿ. ಎಲ್ಲಾ ಫೋಟೋ ಕಳಸ್ರಿ. ಈಗಿಂದೀಗ."

ಮೂರು ಫೋಟೋ ಬಂದವು. ಮೊದಲನೆಯದು ಮೂರು ಗಂಟೆ ಇಪ್ಪತ್ತೈದಕ್ಕೆ: ತಾಯಿಯ ನಡುವಿನಲ್ಲಿ ನೀಲಿ ಪಟ್ಟಿ. ಎರಡನೆಯದು ಮೂರೂ ಮುಕ್ಕಾಲಿಗೆ: ಹಿಂದಿನ ಹಾಲಿನಲ್ಲಿ ಚಹಾ, ಮೇಜಿನ ಸುತ್ತ ಎಲ್ಲರೂ. ಮೂರನೆಯದು ನಾಲ್ಕು ಗಂಟೆ ಹತ್ತಕ್ಕೆ: ವಿಗ್ರಹದ ಮುಂದೆ ಗುಂಪಿನ ಫೋಟೋ. ದೊಡ್ಡದು ಮಾಡಿ ನೋಡಿದರೆ, ಹಿಂದೆ ಹಳದಿ ಗೆರೆ. ದೂರಕ್ಕೆ ಚಿನ್ನದ ಬಣ್ಣದಂತೆ ಕಾಣುತ್ತಿತ್ತು. ಯಾರ ಕಣ್ಣಿಗೂ ಬೀಳದಿದ್ದುದು ಅದಕ್ಕೇ.

ಚಹಾದ ಹೊತ್ತಿನಲ್ಲಿ ಹೋಗಿತ್ತು.

ಮಾರ್ಗರೆಟ್ ಫೋಟೋ ನೋಡಿದಳು. ಬೆರಳಿನ ಕೆಂಪಿನ ಕಥೆಯನ್ನೂ ಕೇಳಿದಳು. "ಆ ಹೊತ್ತಿಗೆ ಅಪೇಕ್ಷಾ ಪಕ್ಕದ ಕೋಣೆಯಲ್ಲೇ ಇದ್ದಳು, ಒಬ್ಬಳೇ. ಸೀತಾ, ನೀವು ಹೇಳುವುದು ಚೆನ್ನಾಗಿದೆ. ನನಗೆ ಬೇಕಾದದ್ದು ಪಟ್ಟಿ."

* * *

ಸೀತಾಬಾಯಿ ಕುರ್ಚಿ ಎಳೆದುಕೊಂಡು ಬಸುರಿ ತಾಯಿಯ ಎದುರೇ ಕುಳಿತರು. ಕಣ್ಣು ಮುಚ್ಚಿದರು.

"ಆಂಟಿ, ಪ್ರಾರ್ಥನೆಯಾ?" ಅಪೇಕ್ಷಾ ಪಿಸುಗುಟ್ಟಿದಳು.

"ಅದೂ ಐತಿ. ಲೆಕ್ಕಾಚಾರನೂ ಐತಿ. ಇಲ್ಲೆ ಕೇಳು. ಕಳ್ಳ ಆದವ ಬದಲಿಗೆ ದಾರಾ ಕಟ್ಟತಾನೇನು?"

"ಇಲ್ಲ."

"ನಮ್ಮ ಕಡೆ ತಾಳಿ ಹರದ್ರ, ರಿಪೇರಿಗೆ ಕೊಟ್ರ, ಆ ಹೊತ್ತಿಗೆ ಕೊರಳಾಗ ಅರಿಶಿನದ ದಾರ ಕಟ್ಟತಾರ. ಮುತ್ತೈದೀನ ಬರಿದು ಬಿಡಬಾರ್ದು ಅಂತ. ಯಾರೋ ಈ ತಾಯಿ ಪಟ್ಟಿ ಬಿಚ್ಚ್ಯಾರ. ಬಸುರಿ ನಡ ಬರಿದಾಗತದಲ್ಲಾ ಅಂತ ಮನಸ್ಸು ತಡೀಲಿಲ್ಲ. ದಾರ ಕಟ್ಟಿ, ಮೂರು ಗಂಟು ಹಾಕಿ ಹೋಗ್ಯಾರ. ಕದ್ದವರಲ್ಲ ತಂಗಿ. ಕಡಾ ಒಯ್ದವರು. ತಿರುಗಿ ತರೋ ಮಂದಿ."

"ಯಾರಿಗಾಗಿ ಒಯ್ದದ್ದು?"

"ಈ ಪಟ್ಟಿ ಯಾರಿಗೆ ಬೇಕಾಗತದ? ಹಡಿಯೋರಿಗೆ."

ಅವರು ಫೋಟೋ ತೆರೆದರು. ಚಹಾದ ಮೇಜಿನ ಸುತ್ತ ಎಣಿಸಿದರು. ಹದಿನೇಳು. ಗುಂಪಿನ ಫೋಟೋದಲ್ಲಿ ಹದಿನೆಂಟು.

ಚಹಾ ಮೇಜಿನ ಮೇಲೆ ಸ್ಟೀಲಿನ ಡಬ್ಬಿ. ಮುಚ್ಚಳ ಮುಚ್ಚಿದೆ. ಅದು ತುಳಸಿಯ ನಿಪ್ಪಟ್ಟಿನ ಡಬ್ಬಿ. ಮೈಸೂರಿನ ತುಳಸಿ ತನ್ನ ನಿಪ್ಪಟ್ಟನ್ನು ಬೇರೆಯವರಿಗೆ ಹಂಚಲು ಬಿಟ್ಟವಳಲ್ಲ. ತಾನೇ ಪ್ರತಿಯೊಬ್ಬರ ಕೈಗೂ ಇಟ್ಟು, "ಇನ್ನೊಂದು ತಗೊಳ್ಳಿ" ಎಂದು ಜೀವ ತಿನ್ನುವವಳು. ಡಬ್ಬಿ ಇದೆ. ತುಳಸಿ ಇಲ್ಲ.

ಮೂರನೆಯ ಫೋಟೋದಲ್ಲಿ ಇದ್ದಾಳೆ. ಕೊನೆಯಲ್ಲಿ. ಶಾಲನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಾಳೆ.

"ಆದರೆ ತುಳಸಿ ಆಂಟಿ ಮನೆಯಲ್ಲಿ ಯಾರಿಗೂ..." ಎಂದಳು ಅಪೇಕ್ಷಾ.

"ಮಗಳು ಅದಾಳ. ಸಿಂಚನಾ. ಆಸ್ಟಿನ್ ಹತ್ರ ಸೀಡರ್ ಪಾರ್ಕಿನ್ಯಾಗ. ಮೂರು ಸಲ ಬಸಿರು ಹೋಗೇತಿ ಆ ಹುಡುಗಿಗೆ. ನಾಕನೇದು ನಿಂತಿದ್ರೂ ಯಾರಿಗೂ ಹೇಳಿರಲಿಕ್ಕಿಲ್ಲ. ಆದ್ರ..." ಸೀತಾಬಾಯಿ ಹಣೆ ಚಚ್ಚಿಕೊಂಡರು. "ನಾನು ಎಂಥಾ ಕುರುಡಿ! ರವಿವಾರ ಸ್ಟಾಫರ್ಡ್ ಅಂಗಡ್ಯಾಗ ಆಕೀ ಬುಟ್ಟಿ ನೋಡಿದ್ನಲ್ಲಾ. ಅಂಟು, ಉತ್ತತ್ತಿ, ಒಣಕೊಬ್ಬರಿ. ಏನವಾ ಅಂದ್ರ, ಚಳಿಗಾಲಕ್ಕ ಉಂಡಿ ಕಟ್ಟತೀನಿ ಅಂದ್ಲು. ಇರಬಹುದು ಅಂದೆ. ಮ್ಯಾಲೆ ಅಳವಿ ಬೀಜ ಇತ್ತು, ಎರಡು ಪಾಕೀಟು!"

"ಅಳವಿ ಎಂದರೆ?"

"ಬಾಣಂತಿಗೆ ಹಾಲು ಬರಲಿ ಅಂತ ಕೊಡೋದು. ಚಳಿಗಾಲಕ್ಕಲ್ಲ."

ತುಳಸಿ ಫೋನು ಎತ್ತಲಿಲ್ಲ. ಮನೆಯ ಫೋನನ್ನು ಗಂಡ ಲಕ್ಷ್ಮೀನಾರಾಯಣ ಎತ್ತಿದರು.

"ತುಳಸಿ ಇಲ್ಲ ಕಣ್ರೀ. ನಿನ್ನೆ ಸಂಜೆನೇ ಸೀಡರ್ ಪಾರ್ಕ್‌ಗೆ ಹೋದ್ಲು. ಮಗಳಿಗೆ ಸ್ವಲ್ಪ... ಜ್ವರ."

"ಎಷ್ಟು ತಿಂಗಳದ ಜ್ವರ ಅಣ್ಣಾರ?"

ಲಕ್ಷ್ಮೀನಾರಾಯಣ ದನಿ ತಗ್ಗಿಸಿದರು. "ಒಂಬತ್ತಕ್ಕೆ ಬಿದ್ದಿದೆ ಸೀತಾಬಾಯಿ. ಬಿಪಿ ಜಾಸ್ತಿ ಆಗಿ ನಿನ್ನೆ ಅಡ್ಮಿಟ್ ಮಾಡಿದ್ರು. ಇನ್ನೂ ಆಗಿಲ್ಲ. ಯಾರಿಗೂ ಹೇಳ್ಬೇಡಿ."

ಸೀತಾಬಾಯಿ ಆಸ್ಪತ್ರೆಯ ಹೆಸರು ಕೇಳಿಕೊಂಡರು. ಎದ್ದರು.

"ನಡಿ ತಂಗಿ. ನಿನ್ನ ಕೈಗವಸ, ಮೆತ್ತನ ಕಾಗದ, ಡಬ್ಬಿ, ಎಲ್ಲಾ ತಗೋ. ಆ ಪಟ್ಟಿ ಮುಟ್ಟೋ ವಿದ್ಯಾ ಗೊತ್ತಿರೋದು ನಿನಗ ಒಬ್ಬಾಕೀಗೆ."

ಮಾರ್ಗರೆಟ್ ಬಾಗಿಲಿಗೆ ಅಡ್ಡ ಬಂದಳು. "ಅವಳು ಹೊರಗೆ ಹೋಗುವಂತಿಲ್ಲ."

"ನನ್ನ ಹೊಣೆ ಮೇಲೆ," ಎಂದರು ಸೀತಾಬಾಯಿ ಇಂಗ್ಲಿಷಿನಲ್ಲಿ. "ಐದು ಗಂಟೆಯೊಳಗೆ ಫೋನ್ ಬರದಿದ್ದರೆ, ಪೊಲೀಸರಿಗೆ ನನ್ನ ಹೆಸರನ್ನೂ ಕೊಡಿ."

* * *

ಹ್ಯೂಸ್ಟನ್ನಿನಿಂದ ಸೀಡರ್ ಪಾರ್ಕಿಗೆ ಮೂರು ಗಂಟೆಯ ದಾರಿ. ಸೀತಾಬಾಯಿ ಸ್ಟೀರಿಂಗ್ ಹಿಡಿದರೆ ಮಾತು ಕಡಿಮೆ. ಹುಲ್ಲುಗಾವಲು, ದನ, ಪೆಟ್ರೋಲ್ ಬಂಕು, ಮತ್ತೆ ಹುಲ್ಲುಗಾವಲು.

ಅಪೇಕ್ಷಾ ಪಕ್ಕದಲ್ಲಿ ಜಪಸರ ತಿರುಗಿಸುತ್ತಿದ್ದಳು. ಒಮ್ಮೆ ನಿಲ್ಲಿಸಿ ಕೇಳಿದಳು: "ಆ ರೇಷ್ಮೆ ನಾನೂರು ವರ್ಷದ್ದು ಆಂಟಿ. ಬೆವರು ತಾಗಿದರೆ, ಬಿಗಿಯಾಗಿ ಕಟ್ಟಿದರೆ ಪುಡಿಪುಡಿ. ಪುಡಿ ಸಿಕ್ಕಿದರೂ ಕದ್ದವಳು ನಾನೇ ಅಲ್ವಾ?"

"ತಪ್ಪು ನಂದು," ಎಂದರು ಸೀತಾಬಾಯಿ. "ಕಥಿ ಹೇಳೋ ಹುಮ್ಮಸ್ಸಿನ್ಯಾಗ ಕೇಳೋರ ಮುಖಾ ನೋಡ್ಲಿಲ್ಲ. ಒಬ್ಬಾಕೀಗೆ ಅದು ಕಥಿ ಆಗಿರಲಿಲ್ಲ, ಔಷಧ ಆಗಿತ್ತು."

ಆಸ್ಪತ್ರೆ ತಲುಪಿದಾಗ ಎರಡೂವರೆ.

ಹೆರಿಗೆ ವಿಭಾಗದ ಹೊರಗೆ ಸಾಲು ಕುರ್ಚಿ. ಕೊನೆಯ ಕುರ್ಚಿಯಲ್ಲಿ ತುಳಸಿ. ನಿನ್ನೆಯ ಸೀರೆ, ನಿನ್ನೆಯ ಶಾಲು. ತಲೆ ಬಾಚಿಲ್ಲ. ತೊಡೆಯ ಮೇಲೆ ಒಂದು ಬಿಳಿ ಬಟ್ಟೆಯ ಗಂಟು, ಅದರ ಮೇಲೆ ಎರಡೂ ಕೈ.

ಸೀತಾಬಾಯಿಯನ್ನು ಕಂಡದ್ದೇ ಅವಳು ಗಂಟನ್ನು ಅಪ್ಪಿಕೊಂಡಳು.

"ಹೆಂಗ್ ಗೊತ್ತಾಯ್ತು?"

"ದಾರ ಹೇಳ್ತು," ಎಂದರು ಸೀತಾಬಾಯಿ ಪಕ್ಕದಲ್ಲಿ ಕೂರುತ್ತ. "ಅರಿಶಿನ ಅಂದಾಗ ನಮ್ಮವರು ಅಂತ ತಿಳೀತು. ಮೂರು ಗಂಟು ನೋಡಿ, ಕಳ್ಳರಲ್ಲ ಅಂತ ತಿಳೀತು. ನಿಪ್ಪಟ್ಟಿನ ಡಬ್ಬಿ ಮುಚ್ಚೇ ಇತ್ತು, ಅಲ್ಲಿ ನೀ ಇರಲಿಲ್ಲ. ಅಳವಿ ಬೀಜ ಉಳದದ್ದು ಹೇಳ್ತು. ವಾಪಸ್ ತಂದ್ಕೊಡ್ತಿದ್ರಾ ಅಂತ ಕೇಳಿದ್ದು ನೀನ ಅಲ್ಲೇನು?"

ತುಳಸಿ ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯಿತು.

"ಟೀ ಟೈಮಲ್ಲಿ ಅಳಿಯನ ಫೋನ್ ಬಂತು. ಅಡ್ಮಿಟ್ ಮಾಡಿದಾರೆ, ಅಮ್ಮ ಮಗು ಇಬ್ರಿಗೂ ಅಪಾಯ ಅಂತ. ಮಾತಾಡ್ತಾ ಮಾತಾಡ್ತಾ ಆ ಕೋಣೆಗೆ ಹೋದೆ. ನಾನು, ಆ ತಾಯಿ, ಇಬ್ರೇ. ಸಿಂಚನಂಗೆ ಕಟ್ಟೋಕೆ ಅಂತ ದೇವಸ್ಥಾನದಿಂದ ತಂದಿದ್ದ ದಾರ ಪರ್ಸಲ್ಲಿತ್ತು. ಆ ತಾಯಿ ಹೊಟ್ಟೆ ಮೇಲೆ ಕೈ ಇಟ್ಕೊಂಡು ನನ್ನೇ ನೋಡ್ತಿದ್ದಂಗಿತ್ತು. ನನ್ನ ದಾರ ನೀನು ಇಟ್ಕೋ, ನಿನ್ ಪಟ್ಟಿ ನನ್ ಮಗಳಿಗೆ ಕೊಡು ಅಂದೆ. ಅಷ್ಟೇ ಕಣ್ರೀ. ಕೇಳಿದ್ರೆ ಆಯಮ್ಮ ಕೊಡ್ತಿದ್ರಾ?"

"ಕೊಡ್ತಿರಲಿಲ್ಲ."

"ಮಗು ಹುಟ್ಟಿದ ಕೂಡಲೇ ತಂದಿಟ್ಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ."

"ಗೊತ್ತಾಯ್ತು ಆಂಟಿ," ಎಂದಳು ಅಪೇಕ್ಷಾ. ಅಷ್ಟು ಹೊತ್ತು ನಿಂತೇ ಇದ್ದಳು. "ನಾನು ಕದ್ದದ್ದು ಅಂತ ಗೊತ್ತಾಯ್ತು. ಐದು ಗಂಟೆಗೆ ಪೊಲೀಸ್ ಬರ್ತಾರೆ, ನನ್ನನ್ನು ಹುಡುಕಿಕೊಂಡು."

ತುಳಸಿ ಅವಳನ್ನೇ ನೋಡಿದಳು. ಮೆಲ್ಲಗೆ ಮುಖದಲ್ಲಿ ಅರ್ಥವಾಗುತ್ತ ಬಂತು. ತನ್ನ ಮಗಳ ಸಲುವಾಗಿ ಮತ್ತೊಬ್ಬರ ಮಗಳ ಮೇಲೆ ಏನು ಹೊರಿಸಿದ್ದಳು ಎಂಬುದು.

"ಅಯ್ಯೋ ಮಗೂ... ನಿನ್ ತಲೆ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ವಲ್ಲ! ತಗೋ. ಈಗ್ಲೇ ತಗೋ." ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದಳು.

ಅಪೇಕ್ಷಾ ಕೈಗವಸು ಹಾಕಿಕೊಂಡು ಬಿಚ್ಚಿದಳು. ಹಳೆಯ ಮೆತ್ತನೆ ಪಂಚೆ, ಎಷ್ಟೋ ಸಲ ಒಗೆದು ಬೆಣ್ಣೆಯಂತಾದದ್ದು. ಮೊಮ್ಮಗುವನ್ನು ಸುತ್ತಲೆಂದು ತಂದಿದ್ದ ಬಟ್ಟೆ. ಅದರೊಳಗೆ ನೀಲಿ ಪಟ್ಟಿ, ಮಡಿಕೆಯಿಲ್ಲದೆ ಸಡಿಲವಾಗಿ ಸುತ್ತಿತ್ತು. ಒಂದು ಎಳೆಯೂ ಹೋಗಿರಲಿಲ್ಲ.

"ಕಟ್ಟಲಿಲ್ವಾ?"

"ಒಳಗೆ ಬಿಡಲಿಲ್ಲ ಮಗೂ, ಎಲ್ಲಾ ವೈರು, ಮಿಷನ್ನು. ನನ್ ಮಡಿಲಲ್ಲೇ ಇಟ್ಕೊಂಡೆ. ಬಿಗಿಯಾಗಿ ಹಿಡ್ಕೊಂಡ್ರೆ ಅದಕ್ಕೆ ನೋವಾಗುತ್ತೇನೋ ಅನ್ನಿಸ್ತಿತ್ತು."

ಅಪೇಕ್ಷಾಳ ಹೆಗಲು ಒಮ್ಮೆಲೇ ಇಳಿಯಿತು. "ನಮ್ಮ ಪಾಠದಲ್ಲಿ ಹೇಳುದೂ ಹೀಗೇ," ಎಂದಳು. "ಹಳೇ ಒಗೆದ ಹತ್ತಿ ಬಟ್ಟೆ. ಮಡಿಸಬಾರದು."

ಸೀತಾಬಾಯಿ ಮಾರ್ಗರೆಟ್‌ಗೆ ಫೋನ್ ಮಾಡಿದರು.

"ಸಿಕ್ಕಿತು. ಚೆನ್ನಾಗಿದೆ. ಅಪೇಕ್ಷಾ ಕೈಯಲ್ಲಿದೆ."

"ದೇವರೇ! ಎಲ್ಲಿದೆ ಅದು?"

"ಹೆರಿಗೆ ವಾರ್ಡಿನ ಬಾಗಿಲಲ್ಲಿ, ತನ್ನ ಕೆಲಸದಲ್ಲಿ."

ಬಳಿಕ ಮಾರ್ಗರೆಟ್ ಕೇಳಿದ್ದು ಒಂದೇ. "ಮಗು ಹುಟ್ಟಿತೇ?"

"ಇನ್ನೂ ಇಲ್ಲ."

"ಅಪೇಕ್ಷಾಗೆ ಕೊಡಿ." ಅಪೇಕ್ಷಾ ಫೋನನ್ನು ಕಿವಿಗಿಟ್ಟಳು. ಸೀತಾಬಾಯಿಗೆ ಕೇಳಿಸಿದ್ದು ಇಷ್ಟೇ: "ನಾನು ನಿನ್ನ ಕ್ಷಮೆ ಕೇಳಬೇಕು. ಪಟ್ಟಿಯ ವಿಷಯದಲ್ಲಿ ಈಗ ಏನು ಮಾಡಬೇಕೆಂದು ನೀನೇ ತೀರ್ಮಾನಿಸು. ಅದರ ಜವಾಬ್ದಾರಿ ನಿನ್ನದು."

ಡಬ್ಬಿ ತೆರೆದಿತ್ತು. ಪಟ್ಟಿ ಒಳಗಿಟ್ಟು, ಮುಚ್ಚಿ, ಹೊರಟುಬಿಡಬಹುದಿತ್ತು. ಅಪೇಕ್ಷಾ ತುಳಸಿಯ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಪಟ್ಟಿಯನ್ನು ಪಂಚೆಯ ಸಮೇತ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲಿ ಬಿಸಿಲಿಲ್ಲ, ತೇವ ಇಲ್ಲ," ಎಂದಳು. "ಸ್ವಲ್ಪ ಹೊತ್ತು ಇದ್ದರೆ ಎಂತ ಆಗುದಿಲ್ಲ. ನೀವೂ ಒಂದು ಕೈ ಇಡಿ ಆಂಟಿ. ಪಂಚೆಯ ಮೇಲೆ, ಮೆಲ್ಲ."

ಮೂವರು ಕೂತರು. ಅಪೇಕ್ಷಾ ಜಪಸರ ಹಿಡಿದು ನಮೋ ಮರಿಯೆ ಎನ್ನುತ್ತಿದ್ದಳು. ತುಳಸಿ ಕಣ್ಣು ಮುಚ್ಚಿ ಲಲಿತೆಯ ನಾಮ ಹೇಳುತ್ತಿದ್ದಳು. ಸೀತಾಬಾಯಿಯ ಬಾಯಲ್ಲಿ ಯಾವುದೂ ಬರಲಿಲ್ಲ. ಮೂವತ್ತನಾಲ್ಕು ವರ್ಷ ಆ ಬಾಗಿಲಿನ ಒಳಗಿದ್ದವರು. ಹೊರಗೆ ಕೂತು ಕಾಯುವುದು ಎಷ್ಟು ಕಷ್ಟವೆಂದು ಇಂದೇ ತಿಳಿದದ್ದು.

ನಾಲ್ಕು ಗಂಟೆ ಹತ್ತಕ್ಕೆ ಬಾಗಿಲು ತೆರೆಯಿತು. ಅಳಿಯ ಕಾರ್ತಿಕೇಯ. ಪಕ್ಕದ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ನೂರಾರು ಯಂತ್ರ ಆಡಿಸುವ ಗಂಡಸು, ಬಾಗಿಲ ಹಿಡಿಯನ್ನು ಬಿಡದೆ ನಿಂತಿದ್ದ.

"ಅತ್ತೆ... ಹುಡುಗಿ. ಅತ್ತಳು. ಜೋರಾಗಿ ಅತ್ತಳು. ಸಿಂಚನಾನೂ ಚೆನ್ನಾಗಿದಾಳೆ."

ತುಳಸಿ ಅಪೇಕ್ಷಾಳ ಕುತ್ತಿಗೆಗೆ ಬಿದ್ದು ಅತ್ತಳು.

"ಪಟ್ಟಿ, ಪಟ್ಟಿ, ಪಟ್ಟಿ!" ಎಂದು ಅಪೇಕ್ಷಾ ಕೂಗಿ, ಪಂಚೆಯ ಗಂಟನ್ನು ತಲೆಯ ಮೇಲೆತ್ತಿ ಹಿಡಿದಳು. ಎಲ್ಲರೂ ಅಳುತ್ತಲೇ ನಕ್ಕರು.

* * *

ಫೆಬ್ರುವರಿಯಲ್ಲಿ, ಬಾಣಂತನ ಮುಗಿದ ಮೇಲೆ, ತುಳಸಿ ಮಗಳು ಮೊಮ್ಮಗಳೊಂದಿಗೆ ಮ್ಯೂಸಿಯಂಗೆ ಬಂದಳು. ಎರಡು ಮೇಣದಬತ್ತಿ ತಂದಳು. ಒಂದು ಡಬ್ಬಿ ಅಂಟಿನುಂಡೆಯನ್ನೂ ತಂದು, ಹೆಕ್ಟರ್‌ಗೆ ನಾಲ್ಕು ತಿನ್ನಿಸಿದಳು. ಮಾರ್ಗರೆಟ್‌ಳ ಎದುರು ಕೈಮುಗಿದು ತಪ್ಪೊಪ್ಪಿಕೊಂಡಳು. ಮಾರ್ಗರೆಟ್ ನಗಲಿಲ್ಲ. ಕೇಳದೆ ಮುಟ್ಟಿದ್ದು ತಪ್ಪು ಎಂದು ನೇರವಾಗಿಯೇ ಹೇಳಿದಳು. ಆಮೇಲೆ ಮಗುವನ್ನು ಎತ್ತಿಕೊಳ್ಳಲೇ ಎಂದು ಕೇಳಿದಳು.

ನಡುಪಟ್ಟಿ ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಅಪೇಕ್ಷಾ ಕೇಳಿದ್ದಂತೆಯೇ. ಪಕ್ಕದಲ್ಲಿ, ಬಣ್ಣ ತಾಗದಷ್ಟು ದೂರದಲ್ಲಿ, ಹಳದಿ ದಾರ. ಕೆಳಗೆ ಮ್ಯೂಸಿಯಂನ ಎರವಲು ಕಾಗದ, ಮಾರ್ಗರೆಟ್‌ಳ ಅಚ್ಚುಕಟ್ಟಾದ ಅಕ್ಷರದಲ್ಲಿ. ಎರವಲು ಪಡೆದವರು, ಸಿಂಚನಾ. ಕಾರಣ, ಹೆರಿಗೆ. ಮರಳಿ ಬಂದಾಗಿನ ಸ್ಥಿತಿ, ಚೆನ್ನಾಗಿದೆ.

ಅಂದು ಬುಧವಾರ. ಹೊಸ ಗುಂಪು ಬಂದಿತ್ತು. ಸೀತಾಬಾಯಿ ನಡುಪಟ್ಟಿಯ ಕಥೆಯನ್ನು ರೋಮಿನ ಗೋಡೆಯಿಂದ ಶುರುಮಾಡಿ ಸೀಡರ್ ಪಾರ್ಕಿನ ಕುರ್ಚಿಯವರೆಗೆ ಹೇಳಿ ಮುಗಿಸಿದರು. ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಮೆಲ್ಲಗೆ ಕೇಳಿತು, "ಈಗಲೂ ಕೊಡ್ತಾರಾ ಇದನ್ನ?"

ಸೀತಾಬಾಯಿ ಕೂಡಲೇ ಉತ್ತರ ಕೊಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹಿಂದೆ ಹೋದರು. ಕೇಳಿದವಳ ಮುಖ ನೋಡಿದರು.

"ಇಲ್ಲೆ ಬಾ ತಂಗಿ," ಎಂದರು. "ಕೂಡು. ಮೊದಲ ಹೇಳು, ಎಷ್ಟು ತಿಂಗಳು?"